ಕ್ರೂಸ್‌ನಲ್ಲಿ ಫೋಟೋ ಸಂಗ್ರಹ ಕೈಕೊಟ್ಟಾಗ: ದೋಷ ಪತ್ತೆ, ಪರಿಹಾರ

ನಡುಸಮುದ್ರದಲ್ಲಿ ಕ್ಯಾಮೆರಾ ಪರದೆಯ ಮೇಲೆ ‘ಕಾರ್ಡ್ ಎರರ್’ ಎಂದು ಬರುತ್ತದೆ. ಅದರ ಕೆಳಗೇ ‘ಫಾರ್ಮ್ಯಾಟ್ ಮಾಡಬೇಕೆ?’ ಎಂಬ ಪ್ರಶ್ನೆ. ‘ಹೌದು’ ಒತ್ತಬೇಡಿ. “ಫೋಟೋ ಎಲ್ಲಾ ಹೋದ್ವು ರೀ” ಎನ್ನುವ ಮೊದಲು ನೋಡಬೇಕಾದ ಕಾರಣಗಳು ಆರೇಳು ಇವೆ. ಅವುಗಳಲ್ಲಿ ಹೆಚ್ಚಿನವು ಕಾರ್ಡ್‌ನೊಳಗಿನ ದೋಷವೇ ಅಲ್ಲ: ಅಡಾಪ್ಟರ್, ತೇವ, ಕರೆಂಟು ಸಾಲದ ಕೇಬಲ್, ಸೆಟ್ಟಿಂಗ್ಸ್‌ನ ಒಂದು ಸ್ವಿಚ್. ಇವೆಲ್ಲ ಸರಿಹೋಗುವಂಥವು. ಗಾಬರಿಯಲ್ಲಿ ಒತ್ತಿದ ಗುಂಡಿಯ ಫಲ ಮಾತ್ರ ಸುಲಭಕ್ಕೆ ಸರಿಹೋಗುವುದಿಲ್ಲ.

ಕಲಬುರಗಿ, ಬೀದರ್, ಯಾದಗಿರಿಯಿಂದ ರೈಲಿನಲ್ಲಿ ಮುಂಬೈ ತಲುಪಿ, ಅಲ್ಲಿಂದ ಗೋವಾ, ಲಕ್ಷದ್ವೀಪದ ಕಡೆಗೆ ನಾಲ್ಕೈದು ದಿನದ ಕ್ರೂಸ್ ಹತ್ತುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ನಮ್ಮ ಕಡೆಯವರಿಗೆ ಹಡಗಿನಲ್ಲಿ ಎರಡು ಸಂಗತಿಗಳು ಹೊಸವು. ಒಂದು, ಗಾಳಿಯಲ್ಲಿನ ತೇವ ಮತ್ತು ಉಪ್ಪು. ಕಲಬುರಗಿಯ ಬೇಸಿಗೆಯಲ್ಲಿ ಕ್ಯಾಮೆರಾ 42 ಡಿಗ್ರಿ ಬಿಸಿಲು ಕಂಡಿರುತ್ತದೆ, ಕರಿಮಣ್ಣಿನ ಧೂಳು ಕಂಡಿರುತ್ತದೆ. ಆದರೆ ಎಸಿ ಕೋಣೆಯಿಂದ ಹೊರಗೆ ತಂದಾಗ ಅದರ ಮೇಲೆ ನೀರು ಕೂರುವುದನ್ನು ಕಂಡಿರುವುದಿಲ್ಲ. ಇನ್ನೊಂದು, ಊರಿನಲ್ಲಿದ್ದರೆ ಸೂಪರ್ ಮಾರ್ಕೆಟ್‌ಗೆ ಹೋಗಿ ಹತ್ತು ನಿಮಿಷದಲ್ಲಿ ಹೊಸ ಕಾರ್ಡ್ ತರಬಹುದು, ಇಲ್ಲವೇ ಎಲ್ಲವನ್ನೂ ನೆಟ್‌ಗೆ ಏರಿಸಿಬಿಡಬಹುದು. ಹಡಗಿನಲ್ಲಿ ಈ ಎರಡನ್ನೂ ನಂಬಿಕೊಂಡು ಹೋಗುವಂತಿಲ್ಲ.

ಯಾವ ದೋಷ ಬಂದರೂ ಮೊದಲ ಐದು ನಿಮಿಷ

ಕ್ಯಾಮೆರಾದ ಕೆಂಪು ದೀಪ ಮಿನುಗುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಆ ದೀಪ ಉರಿಯುತ್ತಿದೆ ಎಂದರೆ ಕಾರ್ಡ್‌ಗೆ ಬರವಣಿಗೆ ನಡೆಯುತ್ತಿದೆ ಎಂದರ್ಥ. ಆಗ ಕಾರ್ಡ್ ಕಿತ್ತರೆ, ಯಾವ ಚಿತ್ರ ಎಲ್ಲಿದೆ ಎಂಬ ಪಟ್ಟಿ ಅರ್ಧಕ್ಕೆ ನಿಂತುಬಿಡುತ್ತದೆ. ದೀಪ ಆರಿದ ಮೇಲೆ ಆಫ್ ಮಾಡಿ, ಬ್ಯಾಟರಿ ತೆಗೆದು, ಆಮೇಲೆ ಕಾರ್ಡ್ ಹೊರಗೆ ತೆಗೆಯಿರಿ. ಆ ಕಾರ್ಡ್‌ನಲ್ಲಿ ಇನ್ನೊಂದೇ ಒಂದು ಚಿತ್ರವನ್ನೂ ತೆಗೆಯಬೇಡಿ. ಅಳಿಸಿದ ಅಥವಾ ಕಾಣೆಯಾದ ಚಿತ್ರದ ಮಾಹಿತಿ ಅದೇ ಜಾಗದಲ್ಲಿ ಇನ್ನೂ ಕೂತಿರುತ್ತದೆ. ಹೊಸ ಚಿತ್ರ ಬಂದು ಅದರ ಮೇಲೆ ಕೂತ ಮೇಲಷ್ಟೇ ಅದು ನಿಜವಾಗಿ ಹೋಗುತ್ತದೆ. ಕಂಪ್ಯೂಟರ್ ‘ಈ ಡ್ರೈವ್ ಸರಿಪಡಿಸಲೇ?’ ಎಂದು ಕೇಳಿದರೂ ಸದ್ಯಕ್ಕೆ ಬೇಡ ಎನ್ನಿ. ಬಿಡಿ ಕಾರ್ಡ್ ಹಾಕಿಕೊಂಡು ಪ್ರವಾಸ ಮುಂದುವರಿಸಿ.

ಕಾರ್ಡ್ ಓದುತ್ತಿಲ್ಲ

ಮೊದಲು ಬೀಗ ನೋಡಿ. ಬೀಗ ಬಿದ್ದಿದ್ದರೆ ಕಾರ್ಡ್‌ಗೆ ಹೊಸದೇನೂ ಬರೆಯಲಾಗದು, ಇದ್ದದ್ದನ್ನು ಅಳಿಸಲೂ ಆಗದು. ದೊಡ್ಡ ಎಸ್‌ಡಿ ಕಾರ್ಡ್‌ನ ಹೆಸರಿರುವ ಮುಖವನ್ನು ನಿಮ್ಮ ಕಡೆಗೆ, ಓರೆಯಾಗಿ ಕತ್ತರಿಸಿದ ಮೂಲೆ ಮೇಲಕ್ಕೆ ಇರುವಂತೆ ಹಿಡಿಯಿರಿ. ಎಡ ಅಂಚಿನಲ್ಲಿ ಉಗುರಿನ ತುದಿಯಷ್ಟು ಚಿಕ್ಕ ಪ್ಲಾಸ್ಟಿಕ್ ಗುಂಡಿ ಇದೆ. ಕೆಳಗೆ ಜಾರಿದ್ದರೆ ಬೀಗ, ಮೇಲಕ್ಕಿದ್ದರೆ ತೆರೆದಿದೆ. ಈ ಗುಂಡಿಗೂ ಕಾರ್ಡ್‌ನೊಳಗಿನ ಚಿಪ್‌ಗೂ ಸಂಬಂಧವಿಲ್ಲ. ಅದು ಎಲ್ಲಿದೆ ಎಂದು ನೋಡಿಕೊಳ್ಳುವುದು ಕ್ಯಾಮೆರಾ, ಇಲ್ಲವೇ ಕಾರ್ಡನ್ನು ಕಂಪ್ಯೂಟರ್‌ಗೆ ಜೋಡಿಸುವ ರೀಡರ್. ಹಾಗಾಗಿ ಗುಂಡಿ ಸಡಿಲವಾಗಿ ಪ್ರತಿ ಸಲ ತಾನಾಗಿ ಕೆಳಗೆ ಜಾರುತ್ತಿದ್ದರೆ, ಮೇಲಕ್ಕೆ ಸರಿಸಿ ತೆಳ್ಳನೆಯ ಟೇಪಿನ ಒಂದು ಚೂರು ಅಂಟಿಸಿದರೆ ಆ ದಿನ ಕಳೆಯುತ್ತದೆ. ಟೇಪ್ ಹಿಂಭಾಗದ ಚಿನ್ನದ ಬಣ್ಣದ ಪಟ್ಟಿಗಳ ಮೇಲೆ ಹೋಗಬಾರದು, ದಪ್ಪವಾಗಿದ್ದರೆ ಸ್ಲಾಟ್‌ನಲ್ಲಿ ಸಿಕ್ಕಿಕೊಳ್ಳುತ್ತದೆ.

ಮೈಕ್ರೋ ಎಸ್‌ಡಿಯನ್ನು ಅಡಾಪ್ಟರ್‌ನೊಳಗೆ ಹಾಕಿ ಕ್ಯಾಮೆರಾದಲ್ಲಿ ಬಳಸುತ್ತಿದ್ದರೆ, ಮೊದಲ ಅನುಮಾನ ಅಡಾಪ್ಟರ್ ಮೇಲಿರಲಿ. ಮೈಕ್ರೋ ಕಾರ್ಡ್‌ಗೆ 8 ಪಟ್ಟಿ. ಅಡಾಪ್ಟರ್‌ನೊಳಗೆ ಅಷ್ಟೇ ತೆಳುವಾದ ಸ್ಪ್ರಿಂಗ್ ತಂತಿಗಳು. ವರ್ಷಗಟ್ಟಲೆ ಹಾಕಿ ತೆಗೆದು ಒಂದು ತಂತಿ ಕುಗ್ಗಿದರೂ ಸಾಕು, ಕಾರ್ಡ್ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯವಾಗುತ್ತದೆ. ಅದೇ ಕಾರ್ಡನ್ನು ಅಡಾಪ್ಟರ್ ಇಲ್ಲದೆ ಫೋನಿಗೋ ಮೈಕ್ರೋ ರೀಡರಿಗೋ ನೇರವಾಗಿ ಹಾಕಿ ನೋಡಿ. ಅಲ್ಲಿ ಚಿತ್ರ ತೆರೆದರೆ ದೋಷ ಅಡಾಪ್ಟರ್‌ನದು. ಬಿಡಿ ಅಡಾಪ್ಟರ್ ಒಂದು ಹೆಚ್ಚಿಗೆ ಒಯ್ಯುವುದು ಅಗ್ಗದ ಜಾಣತನ.

ಕ್ಯಾಮೆರಾದಲ್ಲಿ ಕಾಣುವ 64 ಜಿಬಿ ಕಾರ್ಡ್ ಹಳೆಯ ರೀಡರ್‌ನಲ್ಲಿ ಮಾತ್ರ ‘ಫಾರ್ಮ್ಯಾಟ್ ಮಾಡಿ’ ಎನ್ನುತ್ತಿದ್ದರೆ ಕಾರಣ ಬೇರೆ. 32 ಜಿಬಿವರೆಗಿನ ಕಾರ್ಡ್‌ಗಳು ಎಸ್‌ಡಿಎಚ್‌ಸಿ, ಅವುಗಳ ಒಳಜೋಡಣೆ, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ, ಫ್ಯಾಟ್ 32. ಅದಕ್ಕಿಂತ ದೊಡ್ಡವು ಎಸ್‌ಡಿಎಕ್ಸ್‌ಸಿ, ಅವುಗಳದು ಎಕ್ಸ್‌ಫ್ಯಾಟ್. ಎಸ್‌ಡಿಎಚ್‌ಸಿ ಕಾಲದ ರೀಡರ್‌ಗೆ ಹೊಸ ಜೋಡಣೆ ಅರ್ಥವಾಗದೆ ಕಾರ್ಡ್ ಖಾಲಿ ಅಥವಾ ಕೆಟ್ಟದ್ದು ಎಂದು ಹೇಳಬಹುದು. ಕಾರ್ಡ್‌ಗೆ ಏನೂ ಆಗಿಲ್ಲ, ರೀಡರ್ ಬದಲಿಸಿ.

ಇನ್ನು ಆಂಡ್ರಾಯ್ಡ್ ಫೋನಿನಿಂದ ತೆಗೆದ ಕಾರ್ಡ್. ಕಾರ್ಡ್ ಮೊದಲ ಸಲ ಹಾಕಿದಾಗ ಕೆಲವು ಫೋನ್‌ಗಳು ‘ಪೋರ್ಟಬಲ್ ಸ್ಟೋರೇಜ್’ ಬೇಕೋ ‘ಇಂಟರ್ನಲ್ ಸ್ಟೋರೇಜ್’ ಬೇಕೋ ಎಂದು ಕೇಳುತ್ತವೆ. ಎರಡನೆಯದನ್ನು ಆರಿಸಿದ್ದರೆ ಆ ಕಾರ್ಡ್ ಗೂಢಲಿಪಿಯಲ್ಲಿ ಆ ಫೋನಿಗೆ ಮಾತ್ರ ಕಟ್ಟುಬಿದ್ದಿರುತ್ತದೆ. ಬೇರೆ ಎಲ್ಲಿ ಹಾಕಿದರೂ ಖಾಲಿ ಕಾಣುತ್ತದೆ. ಅದನ್ನು ಅದೇ ಫೋನಿಗೆ ಮರಳಿ ಹಾಕಿ, ಫೋನ್ ಮೂಲಕವೇ ನಕಲು ಮಾಡಬೇಕು. ಆ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದರೆ ಬೀಗದ ಕೈಯೂ ಹೋಯಿತು, ಕಾರ್ಡ್‌ನ ಚಿತ್ರಗಳೂ ಹೋದವು.

ತೇವ ಮತ್ತು ಉಪ್ಪು

ಬೆಳಿಗ್ಗೆ ತಣ್ಣನೆಯ ಕ್ಯಾಬಿನ್‌ನಿಂದ ಕ್ಯಾಮೆರಾ ಹಿಡಿದು ನೇರವಾಗಿ ಡೆಕ್‌ಗೆ ಹೋದರೆ ಲೆನ್ಸ್ ಮಂಜಾಗುತ್ತದೆ. ಅದೇ ಹೊತ್ತಿಗೆ ಕಾರ್ಡ್ ಬಾಗಿಲು ತೆರೆದರೆ ಸ್ಲಾಟ್‌ನೊಳಗೂ ಅದೇ ಹನಿ ಕೂರುತ್ತದೆ. ನಮ್ಮ ಬಯಲುಸೀಮೆಯ ಒಣ ಗಾಳಿಯಲ್ಲಿ ಹೀಗಾಗುವುದು ಅಪರೂಪ. ಕಡಲ ಗಾಳಿಯಲ್ಲಿ ದಿನಕ್ಕೆ ಎರಡು ಸಲ ಆಗಬಹುದು. ಕ್ಯಾಬಿನ್‌ನಲ್ಲಿರುವಾಗಲೇ ಕ್ಯಾಮೆರಾವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುಚ್ಚಿ, ಹೊರಗೆ ತಂದು 20–30 ನಿಮಿಷ ಬಿಟ್ಟು, ಆಮೇಲೆ ತೆರೆಯಿರಿ. ಹನಿ ಚೀಲದ ಹೊರಮೈಗೆ ಕೂರುತ್ತದೆ. ಕಾರ್ಡ್ ಬದಲಿಸುವುದೇನಿದ್ದರೂ ಕ್ಯಾಬಿನ್‌ನೊಳಗೇ, ಕೈ ಒರೆಸಿಕೊಂಡು.

ಅಲೆಯ ಸಿಂಪಡಿಕೆ ತಾಗಿದ ಕಾರ್ಡ್‌ನ ಪಟ್ಟಿಗಳ ಮೇಲೆ ಒಣಗಿದ ಮೇಲೆ ಮಸುಕು ಬಿಳಿ ಪೊರೆ ಕಾಣುತ್ತದೆ. ಅದು ಉಪ್ಪು. ಕನ್ನಡಕ ಒರೆಸುವ ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಊರಿಗೆ ಬಂದ ಮೇಲೆ ಮೊಬೈಲ್ ರಿಪೇರಿ ಅಂಗಡಿಯವರ ಬಳಿ ಇರುವ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ದ್ರಾವಣದಿಂದ ಸ್ವಚ್ಛ ಮಾಡಿಸಿ. ಪೆನ್ಸಿಲ್ ರಬ್ಬರ್‌ನಿಂದ ಉಜ್ಜುವ ಅಭ್ಯಾಸ ಬೇಡ, ಚಿನ್ನದ ಲೇಪ ಬಹಳ ತೆಳು. ಕಾರ್ಡ್ ಪೂರ್ತಿ ಸಮುದ್ರದ ನೀರಿಗೆ ಬಿದ್ದಿದ್ದರೆ ಹಾಗೇ ಒಣಗಲು ಬಿಡುವುದು ತಪ್ಪು: ಒಂದು ಲೋಟ ಶುದ್ಧ ಕುಡಿಯುವ ನೀರಿನಲ್ಲಿ ಅದ್ದಿ ಉಪ್ಪು ಕಳೆದು, ಒರೆಸಿ, ಗಾಳಿಗೆ ಎರಡು ದಿನ ಇಡಿ. ಅಕ್ಕಿಯಲ್ಲಿ ಹೂಳಬೇಡಿ, ಅಕ್ಕಿಯ ಹುಡಿ ಪಟ್ಟಿಗಳ ನಡುವೆ ಸೇರುತ್ತದೆ. ಹೇರ್ ಡ್ರೈಯರ್ ಕೂಡ ಬೇಡ. ಒಣಗುವ ಮೊದಲು ‘ಒಂದು ಸಲ ನೋಡೋಣ’ ಎಂದು ಕ್ಯಾಮೆರಾಕ್ಕೆ ಹಾಕಿದರೆ, ಅಷ್ಟು ಹೊತ್ತು ಬದುಕಿದ್ದ ಕಾರ್ಡ್ ಶಾರ್ಟ್ ಆಗಿ ಆಗಲೇ ಸಾಯಬಹುದು.

ಜಾಗ ಸಾಲುತ್ತಿಲ್ಲ

ಲೆಕ್ಕ ಮನೆಯಲ್ಲೇ ಆಗಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ಜೆಪೆಗ್ ಸುಮಾರು 10 ಎಂಬಿ, ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) 25–30 ಎಂಬಿ. ಫೋನಿನ 4ಕೆ ವಿಡಿಯೋ, ಸೆಟ್ಟಿಂಗ್‌ಗೆ ತಕ್ಕಂತೆ, ನಿಮಿಷಕ್ಕೆ 170ರಿಂದ 350 ಎಂಬಿ. ದಿನಕ್ಕೆ 300 ಜೆಪೆಗ್, 20 ನಿಮಿಷ ವಿಡಿಯೋ ಎಂದರೆ ಹತ್ತಿರ ಹತ್ತಿರ 10 ಜಿಬಿ. ಐದು ದಿನಕ್ಕೆ 50 ಜಿಬಿ. 64 ಜಿಬಿ ಎಂದು ಬರೆದ ಕಾರ್ಡ್ ಕಂಪ್ಯೂಟರ್‌ನಲ್ಲಿ 59.6 ಎಂದೇ ಕಾಣುವುದು. ಅದು ಮೋಸವಲ್ಲ, ಕಂಪನಿ ಸಾವಿರದಿಂದ ಎಣಿಸುತ್ತದೆ, ಕಂಪ್ಯೂಟರ್ 1024ರಿಂದ ಎಣಿಸುತ್ತದೆ. ಒಂದು 128 ಜಿಬಿಗಿಂತ ಎರಡು 64 ಜಿಬಿ ಕಾರ್ಡ್ ಒಳ್ಳೆಯದು. ಒಂದು ಕೆಟ್ಟರೂ ಇಡೀ ಪ್ರವಾಸ ಅದರ ಜೊತೆ ಹೋಗುವುದಿಲ್ಲ.

ಫೋನಿನಲ್ಲಿ ಅಳಿಸಿದರೂ ಜಾಗ ಆಗದಿದ್ದರೆ, ಅಳಿಸಿದವು ‘ಟ್ರ್ಯಾಶ್’ ಅಥವಾ ‘ರೀಸೆಂಟ್ಲಿ ಡಿಲೀಟೆಡ್’ನಲ್ಲಿ ಇನ್ನೂ ಕೂತಿವೆ. ಅದನ್ನು ಖಾಲಿ ಮಾಡುವ ಮೊದಲು ವಾಟ್ಸಾಪ್ ನೋಡಿ: ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್. ಮನೆಯ ಗುಂಪು, ಊರಿನ ಗುಂಪಿನ ಶುಭೋದಯದ ವಿಡಿಯೋಗಳೇ ಹಲವು ಜಿಬಿ ಹಿಡಿದಿರುತ್ತವೆ. ಮೊದಲು ಹೋಗಬೇಕಾದವು ಅವು, ಮಕ್ಕಳ ಚಿತ್ರಗಳಲ್ಲ.

ಜಾಗ ಇದ್ದರೂ ಕ್ಯಾಮೆರಾ ‘ಫೋಲ್ಡರ್ ರಚಿಸಲಾಗದು’ ಎಂದರೆ ಎಣಿಕೆ ಮುಗಿದಿದೆ. ಫೋಲ್ಡರ್ ಸಂಖ್ಯೆ 999ಕ್ಕೆ, ಚಿತ್ರದ ಸಂಖ್ಯೆ 9999ಕ್ಕೆ ಮುಟ್ಟಿದ ಮೇಲೆ ಮುಂದೆ ಎಣಿಸಲು ಜಾಗವಿಲ್ಲ. ನಕಲು ಮಾಡಿಕೊಂಡು, ಖಾಲಿ ಕಾರ್ಡ್ ಹಾಕಿ, ಮೆನುವಿನಲ್ಲಿ ಫೈಲ್ ನಂಬರ್ ರೀಸೆಟ್ ಮಾಡಿ.

ವಿಡಿಯೋ ಕೆಲವು ಸೆಕೆಂಡಿಗೆ ತಾನಾಗಿ ನಿಲ್ಲುತ್ತಿದ್ದರೆ ಕಾರ್ಡ್‌ನ ವೇಗ ಸಾಲದು. ಕ್ಲಾಸ್ 10 ಎಂಬ ಗುರುತು ಕೊಡುವ ಭರವಸೆ ಸೆಕೆಂಡಿಗೆ 10 ಎಂಬಿ ಮಾತ್ರ. 4ಕೆಗೆ ಯು3 ಅಥವಾ ವಿ30, ಅಂದರೆ 30 ಎಂಬಿಯದು ಬೇಕು. ಹಡಗಿನಲ್ಲಿ ಬೇರೆ ಕಾರ್ಡ್ ಇಲ್ಲದಿದ್ದರೆ ಫುಲ್ ಎಚ್‌ಡಿಗೆ ಇಳಿಸಿಕೊಳ್ಳಿ. 32 ಜಿಬಿ ಕಾರ್ಡ್‌ನಲ್ಲಿ ಒಂದು ದೀರ್ಘ ವಿಡಿಯೋ ತುಂಡುತುಂಡಾಗಿ ಉಳಿದಿದ್ದರೆ ಮಾತ್ರ ಅದು ದೋಷವಲ್ಲ. ಫ್ಯಾಟ್ 32ರಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಆದ್ದರಿಂದ ಕ್ಯಾಮೆರಾ ತಾನೇ ಕತ್ತರಿಸುತ್ತದೆ. ಪೆನ್‌ಡ್ರೈವ್‌ನಲ್ಲಿ 20 ಜಿಬಿ ಖಾಲಿ ಇದ್ದೂ 5 ಜಿಬಿಯ ವಿಡಿಯೋ ‘ಫೈಲ್ ತುಂಬಾ ದೊಡ್ಡದು’ ಎಂದು ನಿಲ್ಲುವುದಕ್ಕೂ ಇದೇ ಕಾರಣ. ಹೊರಡುವ ಮೊದಲು ಪೆನ್‌ಡ್ರೈವ್ ಖಾಲಿ ಇರುವಾಗಲೇ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಟ್ಟುಕೊಳ್ಳಿ.

ಫೋನಿಗೆ ಹಾಕಿದ ಡ್ರೈವ್ ಕಾಣುತ್ತಿಲ್ಲ

ಲ್ಯಾಪ್‌ಟಾಪ್ ಒಯ್ಯದವರು ಕಾರ್ಡ್ ರೀಡರ್, ಓಟಿಜಿ (ಫೋನಿಗೆ ಡ್ರೈವ್ ಜೋಡಿಸುವ ಕೇಬಲ್), ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಚಿಪ್‌ನ ಡ್ರೈವ್) ಇಟ್ಟುಕೊಂಡು ಫೋನಿನಿಂದಲೇ ನಕಲು ಮಾಡುತ್ತಾರೆ. ಒಳ್ಳೆಯ ಪದ್ಧತಿ. ಆದರೆ ಮೂರು ಕಡೆ ಎಡವುತ್ತದೆ. ಕೆಲವು ಫೋನ್‌ಗಳಲ್ಲಿ ಓಟಿಜಿ ಎಂಬ ಸ್ವಿಚ್ ಸೆಟ್ಟಿಂಗ್ಸ್‌ನಲ್ಲಿ ಪ್ರತ್ಯೇಕವಾಗಿದೆ, ಹತ್ತು ನಿಮಿಷ ಬಳಸದಿದ್ದರೆ ತಾನೇ ಆಫ್ ಆಗುತ್ತದೆ. ‘ನಿನ್ನೆ ಬಂದಿತ್ತು, ಇವತ್ತು ತೋರ್ಸವಲ್ದು’ ಎಂದರೆ ಮೊದಲು ಅಲ್ಲಿ ನೋಡಿ.

ಎರಡನೆಯದು ಕರೆಂಟು. ತಿರುಗುವ ಹಾರ್ಡ್ ಡಿಸ್ಕ್‌ಗೆ ಚಾಲೂ ಆಗುವಾಗ ಫೋನ್ ಕೊಡುವುದಕ್ಕಿಂತ ಹೆಚ್ಚು ಬೇಕಾಗುತ್ತದೆ. ಕಿವಿಗೆ ಹತ್ತಿರ ಹಿಡಿದರೆ ‘ಟಿಕ್… ಟಿಕ್…’ ಎಂದು ಏಳಲು ಹೆಣಗುವ ಸದ್ದು ಕೇಳುತ್ತದೆ. ಹಾಗೆ ಹೆಣಗಲು ಬಿಡಬೇಡಿ, ಕೂಡಲೇ ತೆಗೆಯಿರಿ. ಚಾರ್ಜರ್ ಸೇರಿಸುವ ಕಿಂಡಿ ಇರುವ ಯುಎಸ್‌ಬಿ ಹಬ್ ಇದ್ದರೆ ಸರಿಹೋಗುತ್ತದೆ. ನಮ್ಮ ಸಲಹೆ, ಹಡಗಿಗೆ ತಿರುಗುವ ಡಿಸ್ಕ್ ಒಯ್ಯಲೇಬೇಡಿ. ಎಸ್‌ಎಸ್‌ಡಿಗೆ ಕುಲುಕಾಟದ ಭಯವೂ ಇಲ್ಲ.

ಮೂರನೆಯದು ಒಳಜೋಡಣೆ. ಆಫೀಸಿನ ಅಥವಾ ಮನೆಯ ಕಂಪ್ಯೂಟರ್‌ನಲ್ಲಿ ಬಳಸಿದ ಡ್ರೈವ್ ಬಹುತೇಕ ಎನ್‌ಟಿಎಫ್‌ಎಸ್ ಆಗಿರುತ್ತದೆ. ಅನೇಕ ಫೋನ್‌ಗಳು ಅದನ್ನು ಓದುವುದಿಲ್ಲ. ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಇದನ್ನೂ ಮನೆಯಲ್ಲೇ ಎಕ್ಸ್‌ಫ್ಯಾಟ್ ಮಾಡಿಕೊಳ್ಳಬೇಕು, ಅದರಲ್ಲಿದ್ದ ಹಳೆಯದನ್ನು ಬೇರೆಡೆ ಇಟ್ಟ ಮೇಲೆ.

ಕ್ಯಾಬಿನ್‌ನ ಸಾಕೆಟ್‌ಗೆ ನಮ್ಮ ಮೂರು ಪಿನ್ನಿನ ಪ್ಲಗ್ ಸಾಮಾನ್ಯವಾಗಿ ಹಿಡಿಸುವುದಿಲ್ಲ. ದುಂಡನೆಯ ಎರಡು ಪಿನ್ನಿನ ಫೋನ್ ಚಾರ್ಜರ್ ಯುರೋಪಿನ ಮಾದರಿಯ ಸಾಕೆಟ್‌ಗೆ ಕೂರುತ್ತದೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಶನ್ ಬೋರ್ಡನ್ನು ಹೆಚ್ಚಿನ ಹಡಗುಗಳಲ್ಲಿ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ, ಬೆಂಕಿಯ ಅಪಾಯದಿಂದ. ನಾಲ್ಕು ಕಿಂಡಿಯ ಯುಎಸ್‌ಬಿ ಚಾರ್ಜರ್ ಒಂದಿದ್ದರೆ ಬೋರ್ಡೇ ಬೇಡ.

ಬ್ಯಾಕಪ್ ಮುಂದೆ ಸಾಗುತ್ತಿಲ್ಲ

ಇದು ದೋಷವಲ್ಲ, ದೂರ. ನಡುಸಮುದ್ರದಲ್ಲಿ ಹಡಗಿಗೆ ನೆಟ್ ಬರುವುದು ಉಪಗ್ರಹದ ಮೂಲಕ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿ.ಮೀ. ಎತ್ತರದಲ್ಲಿದೆ, ಹೋಗಿ ಬರುವುದಕ್ಕೇ ಅರ್ಧ ಸೆಕೆಂಡ್ ಮೀರುತ್ತದೆ. ಕೆಳಕಕ್ಷೆಯ ಉಪಗ್ರಹ ಬಳಸುವ ಹಡಗಿನಲ್ಲಿ ಇದಕ್ಕಿಂತ ಚೆನ್ನಾಗಿರುತ್ತದೆ, ಆದರೆ ಅಲ್ಲೂ ಒಂದು ಸಂಪರ್ಕವನ್ನು ಹಡಗಿನ ಎಲ್ಲರೂ ಹಂಚಿಕೊಳ್ಳಬೇಕು. ಮೇಲಕ್ಕೆ ಕಳಿಸುವ ವೇಗ 1 ಎಂಬಿಪಿಎಸ್ (ಸೆಕೆಂಡಿಗೆ 1 ಮೆಗಾಬಿಟ್, ಅಂದರೆ ಒಂದು ಎಂಬಿಯ ಎಂಟನೇ ಒಂದು ಭಾಗ) ಸಿಕ್ಕಿತು ಎಂದಿಟ್ಟುಕೊಳ್ಳಿ: ಗಂಟೆಗೆ 450 ಎಂಬಿ, ಒಂದು ದಿನದ 10 ಜಿಬಿಗೆ 22 ಗಂಟೆ. ಆದ್ದರಿಂದ ಗೂಗಲ್ ಫೋಟೋಸ್‌ನ ಬ್ಯಾಕಪ್ ಅನ್ನು ಹಡಗು ಹತ್ತುವ ಮೊದಲೇ ನಿಲ್ಲಿಸಿ. ನಿಲ್ಲಿಸದಿದ್ದರೆ, ದುಡ್ಡು ಕೊಟ್ಟು ತಗೊಂಡ ವೈಫೈ ಪ್ಯಾಕ್ ಅದಕ್ಕೇ ಮುಗಿದುಹೋಗುತ್ತದೆ. ಬಂದರು ಬಿಟ್ಟ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇಕಿದ್ದರೆ ವೈಫೈ ಮಾತ್ರ ಆನ್ ಮಾಡಿ. ಹಡಗಿನ ಮೊಬೈಲ್ ನೆಟ್‌ವರ್ಕ್‌ಗೆ ಫೋನ್ ತಾನಾಗಿ ಸೇರಿಕೊಂಡರೆ ಬಿಲ್ ಭಾರಿ ಬರುತ್ತದೆ. ಮನೆಯವರಿಗೆ ಒಂದೆರಡು ಚಿತ್ರ ಕಳಿಸುವುದಿದ್ದರೆ ವಾಟ್ಸಾಪ್ ಸಾಕು. ಅದೇ ನಿಮ್ಮ ಬ್ಯಾಕಪ್ ಎಂದು ಮಾತ್ರ ತಿಳಿಯಬೇಡಿ, ಅದು ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಮೂಲ ಗುಣಮಟ್ಟ ಬೇಕೆಂದರೆ ‘ಡಾಕ್ಯುಮೆಂಟ್’ ಆಗಿ ಕಳಿಸಬೇಕು.

ಇಲ್ಲೇ ದೊಡ್ಡ ನಷ್ಟವಾಗುವುದು. ಜಾಗಕ್ಕಾಗಿ ಗೂಗಲ್ ಫೋಟೋಸ್‌ನೊಳಗೆ ಚಿತ್ರ ಆರಿಸಿ ‘ಡಿಲೀಟ್’ ಒತ್ತಿದರೆ ಅದು ಫೋನಿನಿಂದಲೂ ಹೋಗುತ್ತದೆ, ಖಾತೆಯಿಂದಲೂ ಹೋಗುತ್ತದೆ. ಫೋನಿನದು ಮಾತ್ರ ಹೋಗಬೇಕೆಂದರೆ ಒತ್ತಬೇಕಾದದ್ದು ‘ಫ್ರೀ ಅಪ್ ಸ್ಪೇಸ್’; ಅದು ಬ್ಯಾಕಪ್ ಆದವನ್ನು ಮಾತ್ರ ಮುಟ್ಟುತ್ತದೆ. ತಪ್ಪಾಗಿದ್ದರೆ ಟ್ರ್ಯಾಶ್ ನೋಡಿ: ಬ್ಯಾಕಪ್ ಆಗಿದ್ದವು ಅಲ್ಲಿ 60 ದಿನ, ಆಗದಿದ್ದವು 30 ದಿನ ಇರುತ್ತವೆ. ಐಫೋನ್‌ನಲ್ಲಿ ಐಕ್ಲೌಡ್ ಫೋಟೋಸ್ ಆನ್ ಇದ್ದರೂ ಹೀಗೆಯೇ, ಒಂದು ಕಡೆ ಅಳಿಸಿದರೆ ಎಲ್ಲ ಕಡೆ ಅಳಿಯುತ್ತದೆ. ಐಫೋನ್‌ನಲ್ಲಿ ಹಳೆಯ ಚಿತ್ರ ತೆರೆದಾಗ ಮಸುಕಾಗಿಯೇ ನಿಂತು ಮೂಲೆಯಲ್ಲಿ ಚಕ್ರ ತಿರುಗುತ್ತಿದ್ದರೆ ‘ಆಪ್ಟಿಮೈಸ್ ಸ್ಟೋರೇಜ್’ ಆನ್ ಇದೆ. ಮೂಲ ಚಿತ್ರ ಫೋನಿನಲ್ಲಿಲ್ಲ, ಐಕ್ಲೌಡ್‌ನಲ್ಲಿದೆ, ನೆಟ್ ಬರುವವರೆಗೆ ಕಾಯಲೇಬೇಕು.

ಅರ್ಧ ಚಿತ್ರ ಬೂದು

ಪಟ್ಟಿಯಲ್ಲಿ ಪುಟ್ಟ ಚಿತ್ರ ಸರಿಯಾಗಿ ಕಾಣುತ್ತದೆ. ದೊಡ್ಡದು ಮಾಡಿದರೆ ಮೇಲಿನ ಮೂರನೇ ಒಂದು ಭಾಗ ಆಕಾಶ, ಹಡಗಿನ ಕಂಬಿ. ಅಲ್ಲಿಂದ ಕೆಳಗೆ ಒಂದೇ ಬೂದು ಬಣ್ಣ. ಪುಟ್ಟ ಚಿತ್ರ ಫೈಲಿನ ತಲೆಯಲ್ಲೇ ಬೇರೆಯಾಗಿ ಇರುತ್ತದೆ, ಅದು ಉಳಿದಿದೆ; ಮುಂದಿನ ಮೈ ಹಾಳಾಗಿದೆ. ಒಂದೆರಡು ಚಿತ್ರ ಮಾತ್ರ ಹೀಗಿದ್ದರೆ ನಕಲು ಮಾಡುವಾಗ ಕಾರ್ಡ್ ಅಲುಗಿರಬಹುದು, ಮೂಲ ಕಾರ್ಡ್‌ನಿಂದ ಮತ್ತೊಮ್ಮೆ ನಕಲಿಸಿ. ಆದರೆ ಒಂದು ಹಂತದ ನಂತರ ತೆಗೆದವೆಲ್ಲ ಹೀಗೇ ಇದ್ದರೆ ಕಾರ್ಡ್ ನಕಲಿ. ಒಳಗೆ 8 ಅಥವಾ 16 ಜಿಬಿ ಚಿಪ್ ಇಟ್ಟು 128 ಎಂದು ಸುಳ್ಳು ಹೇಳುವಂತೆ ಮಾಡಿರುತ್ತಾರೆ. ನಿಜವಾದ ಜಾಗ ಮುಗಿದ ಮೇಲೆ ಬಂದದ್ದು ಎಲ್ಲೂ ಉಳಿಯುವುದಿಲ್ಲ, ಇಲ್ಲವೇ ಹಳೆಯದರ ಮೇಲೆ ಕೂರುತ್ತದೆ. ಇದನ್ನು ಯಾವ ತಂತ್ರಾಂಶವೂ ಮರಳಿಸಲಾರದು.

ಪರೀಕ್ಷೆ ಮನೆಯಲ್ಲೇ, ಕಾರ್ಡ್ ಕೊಂಡ ದಿನವೇ. ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿಸಿ, ಮರಳಿ ಓದಿ ತಾಳೆ ನೋಡುತ್ತದೆ. ಸೆಕೆಂಡಿಗೆ 20 ಎಂಬಿ ಬರೆಯುವ 64 ಜಿಬಿ ಕಾರ್ಡ್‌ಗೆ ತುಂಬಲು ಸುಮಾರು 55 ನಿಮಿಷ, ಓದಲು ಇನ್ನಷ್ಟು. ಇದಾದ ಮೇಲೆ ಒಂದು ಭಾನುವಾರ ಬೀದರ್ ಕೋಟೆಯಲ್ಲೋ ಯಾದಗಿರಿಯ ಬೆಟ್ಟದ ಕೋಟೆಯಲ್ಲೋ ಒಯ್ಯುವ ಸಾಮಾನನ್ನೆಲ್ಲ ಹಿಡಿದು ಎರಡು ಗಂಟೆ ಚಿತ್ರ ತೆಗೆದು, ಅದೇ ರೀಡರ್, ಅದೇ ಕೇಬಲ್, ಅದೇ ಫೋನ್ ಬಳಸಿ ಎಸ್‌ಎಸ್‌ಡಿಗೆ ಇಳಿಸಿ ನೋಡಿ. ಹಡಗಿನಲ್ಲಿ ಬರುವ ದೋಷಗಳಲ್ಲಿ ಬಹುಪಾಲು ಅಲ್ಲೇ ಮುಖ ತೋರಿಸುತ್ತವೆ.

ರಾತ್ರಿಯ ನಕಲು

ಊಟ ಮುಗಿಸಿ ಕ್ಯಾಬಿನ್‌ಗೆ ಬಂದ ಮೇಲೆ ಆ ದಿನದ್ದನ್ನು ಎಸ್‌ಎಸ್‌ಡಿಗೆ ಇಳಿಸಿ. ಸಾಧಾರಣ ರೀಡರ್‌ನಲ್ಲಿ 10 ಜಿಬಿಗೆ ಏಳೆಂಟು ನಿಮಿಷ. ದಿನಾಂಕದ ಹೆಸರಿನ ಫೋಲ್ಡರ್ ಮಾಡಿ. ‘ಕಟ್’ ಅಲ್ಲ, ‘ಕಾಪಿ’. ಕಟ್ ಮಾಡುವಾಗ ಕೇಬಲ್ ಅಲುಗಿದರೆ ಎರಡೂ ಕಡೆ ಅರ್ಧರ್ಧ ಉಳಿಯುತ್ತದೆ. ಮುಗಿದ ಮೇಲೆ ಫೈಲ್‌ಗಳ ಸಂಖ್ಯೆ ಎರಡೂ ಕಡೆ ಒಂದೇ ಇದೆಯೇ ನೋಡಿ, ಮೊದಲಿನದು, ನಡುವಿನದು, ಕೊನೆಯದು ಎಸ್‌ಎಸ್‌ಡಿಯಿಂದ ತೆರೆದು ಪೂರ್ತಿ ಹಿಗ್ಗಿಸಿ ನೋಡಿ. ಪುಟ್ಟ ಚಿತ್ರ ಕಂಡಿತೆಂದು ಬಿಡಬೇಡಿ, ಮೇಲಿನ ಬೂದು ಚಿತ್ರ ನೆನಪಿರಲಿ. ಕಾರ್ಡ್ ಅಳಿಸದೆ ಹಾಗೇ ಇಡಿ. ಮರಳುವ ರೈಲಿನಲ್ಲಿ ಕಾರ್ಡ್‌ಗಳು ಒಬ್ಬರ ಜೇಬಿನಲ್ಲಿ, ಎಸ್‌ಎಸ್‌ಡಿ ಇನ್ನೊಬ್ಬರ ಬ್ಯಾಗಿನಲ್ಲಿ ಇರಲಿ. ಸೊಲ್ಲಾಪುರ ದಾಟುವ ಹೊತ್ತಿಗೆ ಒಂದು ಬ್ಯಾಗು ಕಾಣೆಯಾದರೂ ಚಿತ್ರ ಮನೆ ಸೇರುತ್ತದೆ.

ಅಳಿಸಿಹೋದದ್ದನ್ನು ಮರಳಿ ತರುವುದು

ಇದು ಮನೆಗೆ ಬಂದ ಮೇಲಿನ ಕೆಲಸ. ಕಾರ್ಡ್‌ನ ಬೀಗವನ್ನು ಕೆಳಗೆ ಜಾರಿಸಿ ಕಂಪ್ಯೂಟರ್‌ಗೆ ಹಾಕಿ.

1. ಕಾರ್ಡ್‌ನಷ್ಟೇ ಖಾಲಿ ಜಾಗ ಕಂಪ್ಯೂಟರ್‌ನಲ್ಲಿ ಬೇಕು. ವಿನ್32 ಡಿಸ್ಕ್ ಇಮೇಜರ್ ಎಂಬ ವಿಂಡೋಸ್ ತಂತ್ರಾಂಶದಲ್ಲಿ ಕಾರ್ಡ್ ಆರಿಸಿ ‘ರೀಡ್’ ಒತ್ತಿ ಪೂರ್ತಿ ಪಡಿಯಚ್ಚು ತೆಗೆಯಿರಿ. ಪಕ್ಕದ ‘ರೈಟ್’ ಒತ್ತಿದರೆ ಕಾರ್ಡೇ ಅಳಿಯುತ್ತದೆ. ಬೀಗ ಹಾಕಿದ್ದು ಈ ಕಾರಣಕ್ಕೂ.
2. ಅಳಿಸಿದ ಚಿತ್ರ ಹುಡುಕುವ ಉಚಿತ ತಂತ್ರಾಂಶ ಫೋಟೋರೆಕ್ ತೆರೆದು ಆ ಪಡಿಯಚ್ಚನ್ನು ಆರಿಸಿ. ಕಾರ್ಡನ್ನಲ್ಲ.
3. ಬೇಕಾದ ಫೈಲ್ ಬಗೆಗಳನ್ನಷ್ಟೇ ಇಟ್ಟು, ಸಿಕ್ಕಿದ್ದನ್ನು ಬೇರೆ ಡಿಸ್ಕ್‌ನ ಫೋಲ್ಡರ್‌ಗೆ ಹಾಕುವಂತೆ ಹೇಳಿ.

ಫೋಟೋರೆಕ್ ಹೆಸರಿನ ಪಟ್ಟಿಯನ್ನು ನೋಡುವುದೇ ಇಲ್ಲ. ಪ್ರತಿ ಜೆಪೆಗ್‌ನ ಆರಂಭದಲ್ಲಿರುವ ‘ಎಫ್‌ಎಫ್ ಡಿ8’ ಎಂಬ ಗುರುತನ್ನು ಹುಡುಕಿಕೊಂಡು ಹೋಗುತ್ತದೆ. ಅದಕ್ಕೇ ಹಳೆಯ ಹೆಸರು ಬರುವುದಿಲ್ಲ, ತೆಗೆದ ದಿನಾಂಕ ನೋಡಿ ಜೋಡಿಸಿಕೊಳ್ಳಬೇಕು. ದೊಡ್ಡ ವಿಡಿಯೋಗಳು ಚದುರಿ ಕೂತಿದ್ದರೆ ಪೂರ್ತಿ ಬರದಿರಬಹುದು. ಫೋನಿನ ಒಳಸಂಗ್ರಹದಿಂದ ಪೂರ್ತಿ ಅಳಿಸಿದ್ದಕ್ಕೆ ಈ ದಾರಿ ಇಲ್ಲ, ಅಲ್ಲಿ ಎಲ್ಲವೂ ಗೂಢಲಿಪಿಯಲ್ಲಿರುತ್ತದೆ. ಮರಳಿಸುತ್ತೇವೆ ಎನ್ನುವ ಆ್ಯಪ್‌ಗಳಿಗೆ ದುಡ್ಡು ಸುರಿಯಬೇಡಿ. ಕಾರ್ಡ್ ಯಾವ ರೀಡರ್‌ನಲ್ಲೂ ಕಾಣದೆ ಸುಡುವಷ್ಟು ಬಿಸಿಯಾಗುತ್ತಿದ್ದರೆ ಕೂಡಲೇ ತೆಗೆಯಿರಿ. ಅದು ಚಿಪ್‌ನಿಂದಲೇ ಮಾಹಿತಿ ತೆಗೆಯುವ ಪ್ರಯೋಗಾಲಯದ ಕೆಲಸ.

ಸ್ಟುಡಿಯೋದಲ್ಲಿ ಪ್ರಿಂಟ್‌ಗೆ ಕೊಟ್ಟಾಗ ಐಫೋನ್‌ನ ಚಿತ್ರ ತೆರೆಯದಿದ್ದರೆ ಅದು ಎಚ್‌ಇಐಸಿ ಬಗೆಯದು. ಜೆಪೆಗ್‌ಗೆ ಬದಲಿಸಿ ಕೊಡಿ. ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಇಳಿಸುವಾಗ ನಡುವೆ ‘ಡಿವೈಸ್ ಈಸ್ ನಾಟ್ ಫಂಕ್ಷನಿಂಗ್’ ಎಂದು ನಿಂತರೆ, ಫೋನಿನ ಫೋಟೋಸ್ ಸೆಟ್ಟಿಂಗ್ಸ್‌ನಲ್ಲಿ ‘ಟ್ರಾನ್ಸ್‌ಫರ್ ಟು ಮ್ಯಾಕ್ ಆರ್ ಪಿಸಿ’ ಎಂಬಲ್ಲಿ ‘ಕೀಪ್ ಒರಿಜಿನಲ್ಸ್’ ಆರಿಸಿ. ಮನೆಯ ಕಂಪ್ಯೂಟರ್‌ನಲ್ಲೊಂದು, ಎಸ್‌ಎಸ್‌ಡಿಯಲ್ಲೊಂದು ಪ್ರತಿ ಸೇರಿ ತಾಳೆ ನೋಡಿದ ಮೇಲೆ ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿ, ಕ್ಯಾಮೆರಾದ ಮೆನುವಿನಿಂದಲೇ ಫಾರ್ಮ್ಯಾಟ್ ಮಾಡಿ. ಆ ಗುಂಡಿ ಒತ್ತುವ ಹೊತ್ತು ಈಗ.